ನಿಮಗಿದು ಗೊತ್ತೆ? ಬೆಳಗಾವಿಗೂ ತಾಲ್ಲೂಕಿಗೂ ನಡುವೆ ಚಿಕ್ಕೋಡಿ

ಕಾಗವಾಡದ ರೈತನ ಉತಾರದಲ್ಲಿ ಹೆಸರು ಬದಲಾವಣೆಯ ತಕರಾರು ಎದ್ದು, ತಹಶೀಲ್ದಾರರ ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ನೇರ ಬೆಳಗಾವಿಗೆ ಹೋಗುವುದಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 136ನೇ ಕಲಮಿನಂತೆ ಅದು ಮೊದಲು ಚಿಕ್ಕೋಡಿಯ ಉಪವಿಭಾಗಾಧಿಕಾರಿ, ಅಂದರೆ ಜನ ಕರೆಯುವ ‘ಎಸಿ ಸಾಹೇಬರ’ ಮುಂದೆ ಬರಬೇಕು. ಜಿಲ್ಲಾಧಿಕಾರಿಯ ಸರದಿ ಆಮೇಲೆ.

ಬೆಳಗಾವಿ ಜಿಲ್ಲೆಯಲ್ಲಿ ಬೆಳಗಾವಿ, ಬೈಲಹೊಂಗಲ, ಚಿಕ್ಕೋಡಿ ಎಂಬ ಕಂದಾಯ ಉಪವಿಭಾಗಗಳಿವೆ. ಚಿಕ್ಕೋಡಿಯ ಪಾಲಿಗೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಇವುಗಳಲ್ಲಿ ನಿಪ್ಪಾಣಿ ಮೊದಲು ಚಿಕ್ಕೋಡಿ ತಾಲ್ಲೂಕಿನಲ್ಲಿತ್ತು, ಕಾಗವಾಡ ಅಥಣಿಯಲ್ಲಿ. 2013ರ ಬಜೆಟ್‌ನಲ್ಲಿ ಘೋಷಣೆಯಾದ ಈ ಎರಡು ತಾಲ್ಲೂಕುಗಳು ಕೆಲಸ ಆರಂಭಿಸಿದ್ದು 2018ರಲ್ಲಿ. ಘೋಷಣೆಗೂ ಕುರ್ಚಿ-ಮೇಜಿಗೂ ಅಷ್ಟು ಅಂತರ!

ಇಂಥ ನಡುಹಂತ ನಮ್ಮಲ್ಲಷ್ಟೇ ಅಲ್ಲ. ಫ್ರಾನ್ಸ್ ಕ್ರಾಂತಿಯ ಬಿಸಿಯಲ್ಲೇ 1790ರಲ್ಲಿ ‘ಡಿಪಾರ್ಟ್‌ಮೆಂಟ್’ಗಳಾಗಿ ಹಂಚಿಹೋಯಿತು, ನೆಪೋಲಿಯನ್ 1800ರಲ್ಲಿ ಅವನ್ನು ‘ಅರೋಂದಿಸ್ಮಾಂ’ಗಳಾಗಿ ಒಡೆದ. ಅಲ್ಲಿ ಜಿಲ್ಲಾಧಿಕಾರಿಯಂತೆ ಪ್ರಿಫೆಕ್ಟ್, ಎಸಿಯಂತೆ ಸಬ್‌ಪ್ರಿಫೆಕ್ಟ್. ಇಬ್ಬರೂ ಸರ್ಕಾರ ನೇಮಿಸಿದವರೇ, ಚುನಾಯಿತರಲ್ಲ.

ಚಿಕ್ಕೋಡಿ ಉಪವಿಭಾಗಕ್ಕೇ ನಿಂತಿಲ್ಲ. ಅದಕ್ಕೆ ಸ್ವಂತ ಲೋಕಸಭಾ ಕ್ಷೇತ್ರವಿದೆ, ವಾಹನಗಳಿಗೆ ಕೆಎ-23 ಸಂಖ್ಯೆಯಿದೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ‘ಶೈಕ್ಷಣಿಕ ಜಿಲ್ಲೆ’ ಎಂಬ ಪ್ರತ್ಯೇಕ ಸಾಲೂ ಇದೆ. ಕಂದಾಯ ಜಿಲ್ಲೆಯ ಪಟ್ಟ ಮಾತ್ರ ಸಿಕ್ಕಿಲ್ಲ. 1997ರಲ್ಲಿ ಜೆ.ಎಚ್. ಪಟೇಲ್ ಸರ್ಕಾರ ಚಿಕ್ಕೋಡಿಯನ್ನು ಜಿಲ್ಲೆಯಾಗಿಸಲು ಮುಂದಾಗಿ, ಗಡಿ ವಿವಾದದ ಹಿನ್ನೆಲೆಯಲ್ಲಿ ಕನ್ನಡ ಸಂಘಟನೆಗಳು ವಿರೋಧಿಸಿದ್ದರಿಂದ ಹಿಂದೆ ಸರಿಯಿತು.