ಕೊನೆಯ ದಿನಗಳ ಆರೈಕೆ: ನಂಬಿಕೆ ಏನು, ನಿಜ ಏನು?

'ಇನ್ನು ಮನೆಗೆ ಕರ್ಕೊಂಡು ಹೋಗಿ' ಎಂದು ಡಾಕ್ಟರು ಹೇಳಿದ ಮೇಲೆ ನೋಡಲು ಬಂದವರೆಲ್ಲ ಒಂದೊಂದು ಸಲಹೆ ಕೊಡುತ್ತಾರೆ. ಪ್ರೀತಿಯಿಂದಲೇ ಕೊಟ್ಟ ಆ ಸಲಹೆಗಳಲ್ಲಿ ಕೆಲವು ಹಾಸಿಗೆ ಹಿಡಿದವರಿಗೆ ನೆಮ್ಮದಿಗಿಂತ ಹಿಂಸೆಯನ್ನೇ ಹೆಚ್ಚು ಕೊಡುತ್ತವೆ.

ತಪ್ಪು ಕಲ್ಪನೆ: ಉಪಶಾಮಕ ಆರೈಕೆ ಎಂದರೆ ಕೈಚೆಲ್ಲಿದಂತೆ.

ಸತ್ಯ: ನೋವು, ಏದುಸಿರು, ವಾಂತಿ, ಹಾಸಿಗೆ ಹುಣ್ಣು, ಭಯ ಇವನ್ನು ತಗ್ಗಿಸುವುದೂ ಚಿಕಿತ್ಸೆಯೇ. ಅಮೆರಿಕದ ಬಾಸ್ಟನ್ನಿನಲ್ಲಿ ಮುಂದುವರಿದ ಹಂತದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಮಂದಿಯ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಈ ಆರೈಕೆ ಪಡೆದವರು ಸುಮಾರು 11.6 ತಿಂಗಳು ಬದುಕಿದರೆ, ಉಳಿದವರು 8.9 ತಿಂಗಳು ಬದುಕಿದ್ದರು. ಬೆಂಗಳೂರಿನ ಮಾರತ್ತಹಳ್ಳಿ ಬಳಿಯ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ.

ತಪ್ಪು ಕಲ್ಪನೆ: ಊಟ ಬಿಟ್ಟಿದ್ದಕ್ಕೇ ಸೊರಗುತ್ತಿದ್ದಾರೆ. ಬಲವಂತವಾಗಿಯಾದರೂ ಗಂಜಿ ಕುಡಿಸಬೇಕು, ಇಲ್ಲವೇ ಡ್ರಿಪ್ ಹಾಕಿಸಬೇಕು.

ಸತ್ಯ: ಇಲ್ಲಿ ಕಾರಣವೂ ಪರಿಣಾಮವೂ ಅದಲುಬದಲಾಗಿವೆ. ಅಂಗಾಂಗಗಳು ಸೋಲುತ್ತ ಬಂದಂತೆ ಹಸಿವು ತಾನಾಗಿಯೇ ಇಂಗುತ್ತದೆ. ನುಂಗಲಾಗದವರಿಗೆ ಕುಡಿಸಿದ ಗಂಜಿ ಶ್ವಾಸನಾಳಕ್ಕೆ ಇಳಿಯಬಹುದು. ಹ್ಯೂಸ್ಟನ್ನಿನಲ್ಲಿ 129 ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ ಒಂದು ಲೀಟರ್ ದ್ರವ ಪಡೆದವರಿಗೂ ಬರೀ 100 ಮಿಲಿಲೀಟರ್ ಪಡೆದವರಿಗೂ ದಣಿವಿನಲ್ಲಾಗಲಿ ಬದುಕಿದ ದಿನಗಳಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕೊನೆಗಾಲದ ತುಳಸಿ ನೀರಿಗೂ ಇದೇ ಎಚ್ಚರ ಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ಸುರಿಯುವ ಬದಲು ಶುಭ್ರವಾದ ಬಟ್ಟೆಯನ್ನು ಅದರಲ್ಲಿ ಅದ್ದಿ ತುಟಿಗೆ ಸವರಿದರೆ ಶಾಸ್ತ್ರವೂ ಆಯಿತು, ಒಣಗಿದ ಬಾಯಿಗೂ ಹಿತ.

ತಪ್ಪು ಕಲ್ಪನೆ: ಮಾರ್ಫಿನ್ ಕೊಟ್ಟರೆ ಸಾವು ಬೇಗ ಬರುತ್ತದೆ, ಚಟ ಅಂಟುತ್ತದೆ.

ಸತ್ಯ: ನೋವಿಗೆ ತಕ್ಕಷ್ಟೇ, ಹಂತಹಂತವಾಗಿ ಏರಿಸಿ ಕೊಟ್ಟ ಮಾರ್ಫಿನ್‌ನಿಂದ ಆಯುಸ್ಸು ಮೊಟಕಾಗುವುದಿಲ್ಲ. ವೈದ್ಯರ ನಿಗಾದಲ್ಲಿ ನೋವಿಗೆಂದು ತೆಗೆದುಕೊಳ್ಳುವವರಿಗೆ ಚಟ ಹತ್ತುವುದೂ ಅಪರೂಪ. ಅದು ಏದುಸಿರನ್ನೂ ತಗ್ಗಿಸುತ್ತದೆ. ಹೆಚ್ಚಿನವರನ್ನು ನಿಜವಾಗಿ ಕಾಡುವುದು ಮಲಬದ್ಧತೆ. ಅದಕ್ಕೇ ಜೊತೆಯಲ್ಲಿ ಭೇದಿ ಮಾತ್ರೆ ಬರೆಯುತ್ತಾರೆ. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಈ ಔಷಧ ರೋಗಿಗಳಿಗೆ ಸಿಗುವುದೇ ಕಷ್ಟವಾಗಿತ್ತು. 2014ರ ತಿದ್ದುಪಡಿ ಪರವಾನಗಿಯ ತೊಡಕನ್ನು ಸಡಿಲಿಸಿತು.

ತಪ್ಪು ಕಲ್ಪನೆ: ಗಂಟಲಲ್ಲಿ ಗೊರಗೊರ ಸದ್ದು ಬಂದರೆ ಉಸಿರು ಕಟ್ಟಿ ಒದ್ದಾಡುತ್ತಿದ್ದಾರೆಂದೇ ಅರ್ಥ.

ಸತ್ಯ: ನುಂಗಲಾಗದೆ ನಿಂತ ಜೊಲ್ಲು, ಕಫದ ನಡುವೆ ಗಾಳಿ ಹಾಯುವ ಸದ್ದು ಅದು. ಆ ಹೊತ್ತಿಗೆ ರೋಗಿಗೆ ಸಾಮಾನ್ಯವಾಗಿ ಎಚ್ಚರ ಇರುವುದಿಲ್ಲ, ಸಂಕಟವೆಲ್ಲ ಕೇಳುವವರಿಗೆ. ಮಗ್ಗುಲಿಗೆ ಹೊರಳಿಸಿ ತಲೆ ತುಸು ಎತ್ತರಿಸಿದರೆ ಸದ್ದು ತಗ್ಗಬಹುದು.

ತಪ್ಪು ಕಲ್ಪನೆ: ಪ್ರಜ್ಞೆ ತಪ್ಪಿದ ಮೇಲೆ ಏನೂ ಕೇಳಿಸುವುದಿಲ್ಲ.

ಸತ್ಯ: ಕೆನಡಾದ ವ್ಯಾಂಕೂವರ್‌ನ ಸಂಶೋಧಕರು ಕೊನೆಯ ಗಂಟೆಗಳಲ್ಲಿದ್ದ, ಸ್ಪಂದಿಸದ ರೋಗಿಗಳ ಮಿದುಳಿನ ಅಲೆಗಳನ್ನು ದಾಖಲಿಸಿ 2020ರಲ್ಲಿ ವರದಿ ಪ್ರಕಟಿಸಿದರು. ಕೆಲವರ ಮಿದುಳು ಶಬ್ದದ ಬದಲಾವಣೆಗೆ ಆರೋಗ್ಯವಂತರ ಮಿದುಳಿನಂತೆಯೇ ಪ್ರತಿಕ್ರಿಯಿಸಿತ್ತು. ಮಾತು ಅರ್ಥವಾಗುತ್ತಿತ್ತೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ಆಸ್ತಿ ಪಾಲಿನ ಮಾತು, ಆಸ್ಪತ್ರೆ ಬಿಲ್ಲಿನ ಲೆಕ್ಕ ಹೊರಗಿನ ಜಗಲಿಗೆ ಹೋಗಲಿ. ತಲೆದೆಸೆಯಲ್ಲಿ ಕೂತವರು ತಾವು ಯಾರೆಂದು ಹೇಳಿ, ಕೈ ಹಿಡಿದು, ಎಂದಿನಂತೆ ಮಾತಾಡಿಸಬಹುದು.