ಹೋದ ಹಿರಿಯರ ಋಣ ತೀರುವುದು ಹೇಗೆ?



ನಮ್ಮ ಸಮಾಜದಲ್ಲಿ ಹಿರಿಯರು ತೀರಿಕೊಂಡರೆ ‘ಸತ್ತರು’ ಎನ್ನುವ ರೂಢಿಯಿಲ್ಲ. ‘ಲಿಂಗೈಕ್ಯರಾದರು’ ಎನ್ನುತ್ತೇವೆ, ‘ಶಿವಾಧೀನರಾದರು’ ಎನ್ನುತ್ತೇವೆ. ಇದು ಬರಿಯ ಮರ್ಯಾದೆಯ ಮಾತಲ್ಲ, ಇದರ ಹಿಂದೆ ಒಂದು ದರ್ಶನವಿದೆ. ಕೂಸಾಗಿದ್ದಾಗ ಗುರುವಿನ ಕೈಯಿಂದ ಮೈಮೇಲೆ ಬಂದ ಇಷ್ಟಲಿಂಗ ಕೊನೆಯ ದಿನ ಅಂಗೈಗೆ ಬರುತ್ತದೆ. ದೇಹವನ್ನು ಕುಳ್ಳಿರಿಸಿ, ಹಣೆಗೆ ವಿಭೂತಿ ಧರಿಸಿ, ಎಡದ ಅಂಗೈಯಲ್ಲಿ ಲಿಂಗವನ್ನಿಟ್ಟು, ವಿಮಾನ ಕಟ್ಟಿ, ಭಜನೆ ಮಾಡುತ್ತ ಕಳುಹಿಸಿಕೊಡುತ್ತೇವೆ. ಪೂಜೆಗೆ ಕುಳಿತ ಭಕ್ತ ಪೂಜೆಯಲ್ಲಿಯೇ ಲೀನನಾದ ಎಂಬುದು ಅದರ ಭಾವ. ಆದ್ದರಿಂದಲೇ ಶರಣರು ಮರಣಕ್ಕೆ ಸೂತಕವಿಲ್ಲ ಎಂದರು. ಸಾವಿನ ಮನೆಯನ್ನು ಮೈಲಿಗೆಯ ಮನೆ ಎಂದು ದೂರವಿಡಲಿಲ್ಲ.

ಆದರೆ ಸೂತಕವಿಲ್ಲ ಎಂದ ಮಾತ್ರಕ್ಕೆ ಋಣವೂ ಇಲ್ಲ ಎಂದಲ್ಲ. ನಮ್ಮನ್ನು ಎತ್ತಿ ಆಡಿಸಿದವರು, ಹಗೇವಿನ ಜೋಳ ತೆಗೆದು ಬರಗಾಲ ದಾಟಿಸಿದವರು, ಮಠದ ಜೋಳಿಗೆಗೆ ಮೊದಲ ಹಿಡಿ ಹಾಕಿ ಆಮೇಲೆ ತಮ್ಮ ಒಲೆ ಹೊತ್ತಿಸಿದವರು ಹೋದ ಮೇಲೆ ನಾವು ಅವರಿಗೆ ಮಾಡಬೇಕಾದ್ದೇನು? ಇಂದು ಊರೂರಿಗೂ ಬೇಕಾಗಿರುವ ಪ್ರಶ್ನೆಯಿದು. ಏಕೆಂದರೆ ಹಿರಿಯರು ಹೋಗುತ್ತಿದ್ದಾರೆ. ಅವರ ಹಿಂದೆಯೇ ಅವರ ನೆನಪೂ ಹೋಗುತ್ತಿದೆ.

ಬೇಕಾದರೆ ನಿಮ್ಮ ಮನೆಯ ಹದಿನೈದು ವರ್ಷದ ಹುಡುಗನನ್ನು ಕರೆದು ಕೇಳಿ ನೋಡಿ: ‘ನಿಮ್ಮಜ್ಜನ ತಂದೆಯ ಹೆಸರೇನು? ಅವರು ಏನು ಕೆಲಸ ಮಾಡುತ್ತಿದ್ದರು?’ ಹೆಸರು ಹೇಳುವ ಮಕ್ಕಳೇ ಕಡಿಮೆ. ಮುತ್ತಜ್ಜಿಯ ಹೆಸರು ಕೇಳಿದರಂತೂ ಮನೆಯ ಯಜಮಾನನೇ ತಲೆ ಕೆರೆದುಕೊಳ್ಳುತ್ತಾನೆ. ಮೂರು ತಲೆಮಾರಿನೊಳಗೆ ಒಂದು ಜೀವ ಇದ್ದ ಗುರುತೇ ಅಳಿಸಿಹೋದರೆ, ಆರಾಧನೆಗೆ ಬಡಿಸಿದ ಎಲೆಗಳ ಲೆಕ್ಕದಿಂದ ಬಂದ ಫಲವೇನು?

ಕಾಯಕವೇ ಹೆಸರಾದವರು

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಹೇಳಿಕೊಳ್ಳಿ. ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ತುರುಗಾಹಿ ರಾಮಣ್ಣ, ಒಕ್ಕಲಿಗ ಮುದ್ದಣ್ಣ, ಮೋಳಿಗೆಯ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆ. ಹಗ್ಗ ಹೊಸೆದವರು, ದೋಣಿ ನಡೆಸಿದವರು, ಬಟ್ಟೆ ಒಗೆದವರು, ದನ ಕಾಯ್ದವರು, ಕಟ್ಟಿಗೆ ಹೊತ್ತವರು, ನೂಲು ತೆಗೆದವರು. ಇವರಲ್ಲಿ ಎಷ್ಟೋ ಜನ ಹುಟ್ಟಿದ ವರ್ಷ ನಮಗೆ ಗೊತ್ತಿಲ್ಲ, ಐಕ್ಯರಾದ ತಿಥಿ ಗೊತ್ತಿಲ್ಲ, ಸಮಾಧಿಯ ಜಾಗವೂ ಗೊತ್ತಿಲ್ಲ. ಆದರೆ ಅವರು ಯಾವ ಕಾಯಕ ಮಾಡಿ ಬದುಕಿದರು ಎಂಬುದು ಮಾತ್ರ ಎಂಟುನೂರ ಐವತ್ತು ವರ್ಷ ಕಳೆದರೂ ಗೊತ್ತಿದೆ. ಕಾಯಕವೇ ಅವರ ಹೆಸರಿಗೆ ಅಂಟಿಕೊಂಡು ಉಳಿಯಿತು.

ಈ ಹೆಸರುಗಳು ತಾವಾಗಿಯೇ ಉಳಿಯಲಿಲ್ಲ. ಕಲ್ಯಾಣದಲ್ಲಿ ಅಲ್ಲೋಲಕಲ್ಲೋಲವಾಗಿ ಶರಣರು ದಿಕ್ಕುದಿಕ್ಕಿಗೆ ಚದುರಿದ ಮೇಲೆ, ವಚನದ ಕಟ್ಟುಗಳು ಮಠಗಳಲ್ಲಿ, ಭಕ್ತರ ಮನೆಗಳಲ್ಲಿ, ದೇವರ ಜಗಲಿಯ ಮೇಲೆ ಶತಮಾನಗಟ್ಟಲೆ ಪೂಜೆಗೊಳ್ಳುತ್ತ ಕುಳಿತವು. ಓದು ಬಾರದವರೂ ಅವಕ್ಕೆ ವಿಭೂತಿ ಹಚ್ಚಿ, ಪತ್ರೆ ಏರಿಸಿ, ಗೆದ್ದಲು ಹತ್ತದಂತೆ ಕಾಪಾಡಿದರು. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲಿಕೆಗೆ ನಿಂತ ಡಾ. ಫ.ಗು. ಹಳಕಟ್ಟಿಯವರು ಊರೂರು, ಮನೆಮನೆ ಅಲೆದು ಆ ತಾಡೋಲೆಗಳನ್ನು ಕೂಡಿಹಾಕಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುವಾಯಿತು. ಮನೆ ಮಾರಿ ಮುದ್ರಣಾಲಯ ನಡೆಸಿದ ಆ ಪುಣ್ಯಾತ್ಮರನ್ನು ‘ವಚನ ಪಿತಾಮಹ’ ಎಂದು ನಾಡು ಕರೆಯಿತು. 1964ರಲ್ಲಿ ಅವರು ಲಿಂಗೈಕ್ಯರಾದರು.

ಹಳಕಟ್ಟಿಯವರನ್ನು ನೆನೆಯುತ್ತೇವೆ, ಸರಿ. ಆದರೆ ಅವರು ಬರುವ ತನಕ ಆ ಕಟ್ಟುಗಳನ್ನು ಜಗಲಿಯ ಮೇಲೆ ಕಾದುಕೊಂಡಿದ್ದವರು ಯಾರು? ನಿಮ್ಮ ನಮ್ಮಂಥ ಮನೆಗಳ ಅಜ್ಜ, ಅಜ್ಜಿಯರು. ಅವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಕದಿರ ರೆಮ್ಮವ್ವೆಯ ಹೆಸರನ್ನು ನಮಗೆ ಮುಟ್ಟಿಸಿದವರ ಹೆಸರೇ ನಮಗೆ ತಿಳಿಯದು. ಹಿರಿಯರ ಋಣ ಎಂದರೆ ಎಷ್ಟು ದೊಡ್ಡದು ಎಂಬುದನ್ನು ಇದೊಂದರಿಂದಲೇ ಅಳೆಯಬಹುದು.

ಗದ್ದುಗೆ ಇದ್ದವರೂ, ಇಲ್ಲದವರೂ

ನೆನಪಿಗೆ ಕಲ್ಲು ಬೇಕೋ ಬೇಡವೋ ಎಂಬ ಚರ್ಚೆ ಹಲವು ಮನೆಗಳಲ್ಲಿ ನಡೆಯುತ್ತದೆ. ಅಣ್ಣ ಗ್ರಾನೈಟಿನ ಸಮಾಧಿ ಕಟ್ಟಿಸೋಣ ಎಂದರೆ ತಮ್ಮ ಬೇಡ ಎನ್ನುತ್ತಾನೆ. ಅದೇ ಮಾತು ಬೆಳೆದು ಪಾಲುದಾರಿಕೆಯ ಜಗಳವಾಗುತ್ತದೆ. ನಮ್ಮ ಕಾಲದಲ್ಲಿಯೇ ಕಣ್ಣಾರೆ ಕಂಡ ಇಬ್ಬರು ಮಹಾತ್ಮರ ನಿರ್ಗಮನವನ್ನು ಇಲ್ಲಿ ನೆನೆಯಬೇಕು.

ತುಮಕೂರಿನ ಸಿದ್ಧಗಂಗಾ ಮಠದ ಡಾ. ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಶಿವೈಕ್ಯರಾದರು. ಅಂದು ಬೆಳಗಿನ ಹೊತ್ತೇ ಪ್ರಾಣ ಹೋಗಿದ್ದರೂ, ಮಠದ ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿಯುವ ತನಕ ಸುದ್ದಿಯನ್ನು ಹೊರಗೆ ಹೇಳಲಿಲ್ಲ. ಮಕ್ಕಳು ಉಪವಾಸ ಇರಬಾರದು, ಉಂಡ ಮೇಲೆಯೇ ಹೇಳಬೇಕು ಎಂಬುದು ಪೂಜ್ಯರ ಇಚ್ಛೆಯಾಗಿತ್ತು. ಆಯುಷ್ಯವಿಡೀ ಸಾವಿರಾರು ಮಕ್ಕಳ ಹಸಿವನ್ನೇ ಲೆಕ್ಕ ಹಾಕಿದ ಜೀವ, ತನ್ನ ಸಾವಿನ ಗಳಿಗೆಯಲ್ಲಿಯೂ ಅದೇ ಲೆಕ್ಕ ಹಾಕಿತು. ಅವರ ಗದ್ದುಗೆ ಮಠದಲ್ಲಿದೆ. ಅವರು ಐಕ್ಯರಾದ ದಿನವನ್ನು ಸರ್ಕಾರ ‘ದಾಸೋಹ ದಿನ’ವೆಂದು ಸಾರಿದೆ.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ದಾರಿ ಬೇರೆ. 2014ರ ಗುರುಪೂರ್ಣಿಮೆಯಂದೇ ಅವರು ತಮ್ಮ ಅಂತಿಮ ಅಭಿವಾದನ ಪತ್ರವನ್ನು ಬರೆದಿಟ್ಟಿದ್ದರು. ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧ ಮುಂತಾದ ವಿಧಿಗಳು ಬೇಡ, ಚಿತಾಭಸ್ಮವನ್ನು ನೀರಿನಲ್ಲಿ ವಿಸರ್ಜಿಸಬೇಕು, ಸ್ಮಾರಕ ಕಟ್ಟಬಾರದು ಎಂಬುದು ಅದರ ಸಾರ. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಲಕ್ಷಾಂತರ ಭಕ್ತರ ನಡುವೆ ಆ ಮಾತು ನಡೆಯಿತು. ಕಿಸೆಯಿಲ್ಲದ ಅಂಗಿ ತೊಟ್ಟು ಬದುಕಿದವರು ಗದ್ದುಗೆಯನ್ನೂ ಬಿಟ್ಟುಹೋಗಲಿಲ್ಲ.

ಒಬ್ಬರಿಗೆ ಗದ್ದುಗೆಯಿದೆ, ಒಬ್ಬರಿಗಿಲ್ಲ. ಜನ ಇಬ್ಬರನ್ನೂ ಮರೆತಿಲ್ಲ. ಒಬ್ಬರನ್ನು ಉಣ್ಣುವ ತುತ್ತಿನಲ್ಲಿ, ಇನ್ನೊಬ್ಬರನ್ನು ಕೇಳಿದ ಪ್ರವಚನದಲ್ಲಿ ಕಾಣುತ್ತಾರೆ. ಆದ್ದರಿಂದ ಕಲ್ಲಿಗಾಗಿ ಅಣ್ಣತಮ್ಮಂದಿರು ಮುನಿಸಿಕೊಳ್ಳುವುದು ಬೇಡ. ಹೊಲದ ಬದುವಿನಲ್ಲಿ ಒಂದು ಪತ್ರೆಯ ಗಿಡ ನೆಟ್ಟು ನೀರೆರೆದರೂ ಸಾಕು.

ಶಿವಗಣಾರಾಧನೆಯ ಊಟದ ಮಾತೂ ಅಷ್ಟೇ. ಹಸಿದವರಿಗೆ ಹೋದವರ ಹೆಸರಿನಲ್ಲಿ ಅನ್ನ ನೀಡುವುದು ದಾಸೋಹ. ಊರ ಬಾಯಿಗೆ ಅಂಜಿ ಬಡ್ಡಿಗೆ ಸಾಲ ತಂದು, ಹೊಲ ಅಡವಿಟ್ಟು ಹೋಳಿಗೆ, ತುಪ್ಪ ಬಡಿಸುವುದು ದಾಸೋಹವಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅಷ್ಟು ನಮಗೆ ಬೇಡ, ಹೆಚ್ಚಿನದನ್ನು ತಂದ ಜಾಗದಲ್ಲಿಯೇ ಸುರಿದು ಬನ್ನಿ ಎಂದು ತಿದ್ದಿದ ಲಕ್ಕಮ್ಮ ನಮ್ಮ ಪರಂಪರೆಯ ತಾಯಿ. ತಂದೆಯ ಆರಾಧನೆಗೆ ಮಾಡಿದ ಸಾಲವನ್ನು ಮಗ ಹತ್ತು ವರ್ಷ ತೀರಿಸುವುದನ್ನು ಯಾವ ತಂದೆಯ ಆತ್ಮ ಮೆಚ್ಚೀತು?

ಭಜನೆಯಿಲ್ಲದೆ ಹೋದವರು

ಇಲ್ಲಿ ಒಂದು ನೋವಿನ ಮಾತನ್ನು ಹೇಳಲೇಬೇಕು. 2020 ಮತ್ತು 2021ರಲ್ಲಿ ಕೊರೊನಾ ಮಾರಿ ಬಂದು ಅನೇಕ ಮನೆಗಳ ಹಿರಿಯರನ್ನು ಕೊಂಡೊಯ್ದಿತು. ಆಸ್ಪತ್ರೆಗೆ ಹೋದವರು ಮರಳಿ ಬರಲಿಲ್ಲ. ಮೈಗೆ ವಿಭೂತಿ ಹಚ್ಚಲಾಗಲಿಲ್ಲ, ವಿಮಾನ ಕಟ್ಟಲಾಗಲಿಲ್ಲ, ರಾತ್ರಿಯ ಭಜನೆಯಿಲ್ಲ, ಜಂಗಮರ ಪಾದವಿಲ್ಲ. ಶವಸಂಸ್ಕಾರಕ್ಕೆ ಇಪ್ಪತ್ತು ಜನರಿಗಿಂತ ಹೆಚ್ಚು ಸೇರಬಾರದು ಎಂಬ ನಿಯಮವಿದ್ದ ಕಾಲವದು. ಎಷ್ಟೋ ಕಡೆ ಹೆತ್ತ ಮಕ್ಕಳೂ ಮುಖ ನೋಡಲಾಗದೆ ದೂರದಲ್ಲಿ ನಿಂತು ಕೈ ಮುಗಿದರು.

ಆ ಮಕ್ಕಳು ಇಂದಿಗೂ ಮಠಗಳಿಗೆ ಬಂದು ಮೆಲ್ಲಗೆ ಕೇಳುವ ಪ್ರಶ್ನೆ ಒಂದೇ: ‘ಅಪ್ಪಾಜಿ, ನಮ್ಮವ್ವಗ ಕ್ರಿಯಾ ಆಗಲಿಲ್ಲ. ಆಕಿಗೆ ಗತಿ ಸಿಕ್ಕಿತೇನ್ರೀ?’

ಸಿಕ್ಕಿತು. ಇದರಲ್ಲಿ ಸಂಶಯ ಬೇಡ. ನಿತ್ಯ ಲಿಂಗಪೂಜೆ ಮಾಡಿ, ಬಂದವರಿಗೆ ನೀರು, ಬೆಲ್ಲ ಕೊಟ್ಟು, ಮೈಮುರಿದು ದುಡಿದು ಬದುಕಿದ ತಾಯಿ ಐಕ್ಯವಾಗಲು ಕೊನೆಯ ದಿನದ ವಿಧಿಯ ಹಂಗಿನಲ್ಲಿಲ್ಲ. ಶರಣರ ಮತದಲ್ಲಿ ಐಕ್ಯವೆಂಬುದು ಬದುಕಿನ ಗಳಿಕೆ. ವಿಧಿಯು ಉಳಿದವರ ಸಮಾಧಾನಕ್ಕೆ, ಉಳಿದವರ ಭಕ್ತಿಗೆ. ಅದು ಆಗಲಿಲ್ಲವೆಂಬ ಕೊರಗು ಇದ್ದರೆ, ಅವರ ತಿಥಿಯಂದು ಮನೆಮಂದಿ ಕೂಡಿ ಕುಳಿತು ಲಿಂಗಪೂಜೆ ಮಾಡಿ, ಅಂದು ಆಗದ ಭಜನೆಯನ್ನು ಇಂದು ಮಾಡಿ. ಆಮೇಲೆ ಅವರ ಬದುಕಿನ ಕಥೆಯನ್ನು ಮಕ್ಕಳೆದುರು ಬಿಚ್ಚಿ ಹೇಳಿ. ತಡವಾಯಿತೆಂದು ಸ್ಮರಣೆ ಮುಟ್ಟದೆ ಇರುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು?

ಮೊದಲನೆಯದು, ಬದುಕಿರುವಾಗಲೇ ಕೇಳಿಕೊಳ್ಳುವುದು. ಕಟ್ಟೆಯ ಮೇಲೆ, ಪಡಸಾಲೆಯಲ್ಲಿ ಕುಳಿತ ಹಿರಿಯರ ಹತ್ತಿರ ದಿನಕ್ಕೆ ಅರ್ಧ ಗಂಟೆ ಕುಳಿತುಕೊಳ್ಳಿ. ಬಾವಿ ಯಾವ ವರ್ಷ ತೋಡಿದರು, ಬರಗಾಲದಲ್ಲಿ ಏನು ಉಂಡರು, ಮಠದ ಪಲ್ಲಕ್ಕಿಗೆ ಯಾರ ಹೆಗಲಿತ್ತು, ಸೊಸೆಯಾಗಿ ಬಂದಾಗ ಅಜ್ಜಿಯ ವಯಸ್ಸೆಷ್ಟು, ಎಲ್ಲವನ್ನೂ ಕೇಳಿ. ಹಿರಿಯರು ಬೇಡುವುದು ಔಷಧಿಗಿಂತ ಹೆಚ್ಚಾಗಿ ಕೇಳುವ ಕಿವಿಯನ್ನು.

ಎರಡನೆಯದು, ಊರ ಮಠದಲ್ಲಿ ಒಂದು ಸ್ಮರಣೆಯ ವಹಿ ಇಡುವುದು. ಕೊಟ್ಟವರ ಕಾಣಿಕೆಯ ವಹಿ ಎಲ್ಲ ಮಠಗಳಲ್ಲಿಯೂ ಇದೆ. ಅದರ ಪಕ್ಕದಲ್ಲಿ ಹೋದವರ ವಹಿಯೂ ಇರಲಿ. ಲಿಂಗೈಕ್ಯರಾದವರ ಹೆಸರು, ತಂದೆತಾಯಿಯ ಹೆಸರು, ತವರೂರು, ಮಾಡಿದ ಕಾಯಕ, ಊರಿಗೆ ಮಾಡಿದ ಉಪಕಾರ ಒಂದು ಪುಟದಲ್ಲಿ ಬರೆಯಿರಿ. ಹೆಣ್ಣುಮಕ್ಕಳನ್ನು ‘ಇಂಥವರ ಧರ್ಮಪತ್ನಿ’ ಎಂದು ಬರೆದು ಕೈ ತೊಳೆದುಕೊಳ್ಳಬೇಡಿ. ಬಾಣಂತನ ಮಾಡಿದ ಅಜ್ಜಿ, ಬೀಜದ ಕಾಳನ್ನು ಬೂದಿ ಬೆರೆಸಿ ಕಾಯ್ದಿಟ್ಟ ಅಜ್ಜಿ, ಬೀಸುಕಲ್ಲಿನ ಹಾಡು ಬಲ್ಲ ಅಜ್ಜಿ, ಇವರ ಹೆಸರೂ ಕಾಯಕವೂ ಬರಲಿ. ಲಕ್ಕಮ್ಮ, ರೆಮ್ಮವ್ವೆಯರನ್ನು ಅವರವರ ಕಾಯಕದಿಂದ ಗುರುತಿಸಿದ ಧರ್ಮ ನಮ್ಮದು.

ಮೂರನೆಯದು, ಪುಣ್ಯಸ್ಮರಣೆಯ ದಿನ ಹಾರ, ಶಾಲು, ಭಾಷಣದ ನಡುವೆ ಹದಿನೈದು ನಿಮಿಷವಾದರೂ ಹೋದವರ ಬದುಕನ್ನು ಇದ್ದಂತೆ ಹೇಳುವುದು. ಹೊಗಳಿಕೆಯೊಂದೇ ಬೇಡ. ಅಜ್ಜ ಸಿಟ್ಟಿನವನಾಗಿದ್ದರೆ ಸಿಟ್ಟಿನವನೆಂದೇ ಹೇಳಿ. ನೀರಿನ ಜಗಳದಲ್ಲಿ ತಪ್ಪು ನಡೆದು ಆಮೇಲೆ ತಿದ್ದಿಕೊಂಡಿದ್ದರೆ ಅದನ್ನೂ ಹೇಳಿ. ಮಾರಯ್ಯನನ್ನು ಹೆಂಡತಿ ತಿದ್ದಿದ ಕಥೆಯನ್ನು ಪರಂಪರೆ ಮುಚ್ಚಿಡಲಿಲ್ಲ. ತಿದ್ದಿಕೊಂಡ ಬದುಕೇ ಮಕ್ಕಳಿಗೆ ದಾರಿ ತೋರುವುದು.

ನಾಲ್ಕನೆಯದು, ಹೋದವರ ಒಂದು ಒಳ್ಳೆಯ ರೂಢಿಯನ್ನು ಮನೆಯಲ್ಲಿ ಮುಂದುವರಿಸುವುದು. ತಂದೆ ಬೇಸಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇಡುತ್ತಿದ್ದರೆ ಮಗನೂ ಇಡಲಿ. ತಾಯಿ ಸೋಮವಾರ ಮಠಕ್ಕೆ ರೊಟ್ಟಿ ಬಡಿದು ಕಳಿಸುತ್ತಿದ್ದರೆ ಸೊಸೆಯೂ ಮಗನೂ ಕೂಡಿ ಕಳಿಸಲಿ. ಏನೂ ತೋಚದಿದ್ದರೆ ಒಂದು ಚಟವನ್ನಾದರೂ ಬಿಡಲಿ. ಇಳಕಲ್ಲಿನ ಚಿತ್ತರಗಿ ಪೀಠದ ಡಾ. ಮಹಾಂತ ಸ್ವಾಮಿಗಳು ಊರೂರಿಗೆ ಜೋಳಿಗೆ ಹಿಡಿದು ಬಂದು ಬೇಡಿದ್ದು ಜೋಳವನ್ನಲ್ಲ, ಜನರ ದುಶ್ಚಟಗಳನ್ನು. 2018ರಲ್ಲಿ ಲಿಂಗೈಕ್ಯರಾದ ಆ ಪೂಜ್ಯರ ‘ಮಹಾಂತ ಜೋಳಿಗೆ’ ಇನ್ನೂ ಜನರ ನೆನಪಿನಲ್ಲಿದೆ. ಕುಡಿತದಿಂದ ಮಗ ಹಾಳಾಗುವನೆಂದು ಕಣ್ಣೀರು ಹಾಕುತ್ತಲೇ ಕಣ್ಣು ಮುಚ್ಚಿದ ತಾಯಿಯ ತಿಥಿಗೆ, ಆ ಮಗ ಬಾಟಲಿ ಬಿಡುವುದಕ್ಕಿಂತ ಮಿಗಿಲಾದ ಎಡೆ ಮತ್ತೊಂದಿಲ್ಲ.

ಹಿರಿಯರೇ, ನಿಮಗೂ ಒಂದು ಬಿನ್ನಹವಿದೆ. ‘ನಮ್ಮದೇನು ದೊಡ್ಡ ಬದುಕು, ಹೇಳುವಂಥದ್ದೇನಿದೆ’ ಎಂದು ಸುಮ್ಮನಾಗಬೇಡಿ. ಹಗ್ಗ ಹೊಸೆದ ಚಂದಯ್ಯನೂ ಹಾಗೆಯೇ ಸುಮ್ಮನಿದ್ದಿದ್ದರೆ ನಮಗೆ ಕಾಯಕದ ಅರ್ಥ ತಿಳಿಯುತ್ತಿರಲಿಲ್ಲ. ಮೊಮ್ಮಕ್ಕಳನ್ನು ಹತ್ತಿರ ಕರೆದು ನಿಮ್ಮ ಹಿಂದಿನವರ ಹೆಸರು ಹೇಳಿಕೊಡಿ, ಅವರು ಬೆವರು ಸುರಿಸಿದ ಹೊಲ ತೋರಿಸಿ. ಹೊಲ ಮಾರಿಹೋಗಿದ್ದರೂ ತೋರಿಸಿ.

ಕಿರಿಯರು ಕೇಳುವಂತಾಗಲಿ, ಹಿರಿಯರು ಹೇಳುವಂತಾಗಲಿ. ಲಿಂಗೈಕ್ಯರಾದ ಎಲ್ಲ ಹಿರಿಯರ ಕಾಯಕ ಅವರ ಮಕ್ಕಳ ಕೈಯಲ್ಲಿ ನಡೆಯುತ್ತಿರಲಿ ಎಂದು ಹಾರೈಸುತ್ತೇವೆ.