ಮೇಜಿನ ಮೇಲೊಂದು ರಣರಂಗ

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮುಂದೆ, ಉಪಾಧ್ಯಾಯರ ಬೆತ್ತದ ಭಯದಲ್ಲಿ ಸಾಲಾಗಿ ನಿಂತು ಕತ್ತೆತ್ತಿ ನೋಡಿದ ನೆನಪು ವಾಚಕರಲ್ಲಿ ಅನೇಕರಿಗೆ ಇರಬಹುದು. ನನಗೂ ಇದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪದ ಪೊಲ್ಲಿಲೂರಿನಲ್ಲಿ ಹೈದರನೂ ಟಿಪ್ಪುವೂ ಕೂಡಿ ಕರ್ನಲ್ ಬೇಲಿಯ ಸೇನೆಯನ್ನು ಸುತ್ತುಗಟ್ಟಿ ಮುರಿದ ಕಥೆಯನ್ನು ಆ ಗೋಡೆ ಹೇಳುತ್ತದೆ. ನಡುವೆ ಚೌಕವಾಗಿ ನಿಂತ ಕೆಂಪಂಗಿಯ ಸಿಪಾಯಿಗಳು. ಒಳಗೆ ಪಲ್ಲಕ್ಕಿಯಲ್ಲಿ ಬೇಲಿ. ಉರಿದು ಸಿಡಿಯುತ್ತಿರುವ ಮದ್ದಿನ ಬಂಡಿ. ಸುತ್ತಲೂ ಕುದುರೆಗಳ ಪ್ರವಾಹ.

ಇಪ್ಪತ್ತು ವರ್ಷಗಳ ಅನಂತರ, ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವ ಗೃಹಸ್ಥನಾದ ಮೇಲೆ, ಆ ಚಿತ್ರವನ್ನು ನಮ್ಮ ಊಟದ ಮೇಜಿನ ಮೇಲೆ ಇಳಿಸಬೇಕೆಂಬ ಹುಚ್ಚು ನನಗೆ ಹಿಡಿಯಿತು. ಹಿಡಿಸಿದವನು ನನ್ನ ಅಕ್ಕನ ಮಗ. ಹುಚ್ಚು ಹಿಡಿದವರು ನಾವಿಬ್ಬರೇ ಅಲ್ಲ. ಪುಟ್ಟ ಬೊಂಬೆಗಳ ಸೇನೆಯನ್ನು ಮೇಜಿನ ಮೇಲೆ ಹೂಡಿ, ದಾಳ ಉರುಳಿಸಿ, ಅಳತೆಗೋಲು ಹಿಡಿದು ಚರಿತ್ರೆಯ ಯುದ್ಧಗಳನ್ನು ಮರಳಿ ಆಡುವ ಹವ್ಯಾಸ ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಬೇರೂರಿದೆ. ಚದುರಂಗವನ್ನು ಜಗತ್ತಿಗೆ ಕೊಟ್ಟ ನಾಡಿನವರು ಇದನ್ನು ಕೇಳಿ ಮೂಗು ಮುರಿಯಬೇಕಾಗಿಲ್ಲ.

ಈ ಆಟದ ಮೂಲಪುರುಷರು ಪ್ರಷ್ಯಾದ ರೈಸ್‌ವಿಟ್ಸ್ ಎಂಬ ತಂದೆಮಕ್ಕಳು. ತಂದೆ 1812ರಲ್ಲಿ ಅಲ್ಲಿನ ರಾಜನಿಗೆ ಒಂದು ಮೇಜನ್ನೇ ಮಾಡಿಸಿ ಒಪ್ಪಿಸಿದನು. ಸೇನಾಧಿಕಾರಿಯಾಗಿದ್ದ ಮಗ 1824ರಲ್ಲಿ ನಿಯಮಗಳನ್ನು ತಿದ್ದಿ ಅಚ್ಚು ಹಾಕಿಸಿದನು. ನಿಜವಾದ ಭೂಪಟ, ದಾಳ, ನಷ್ಟದ ಕೋಷ್ಟಕಗಳು, ಇಬ್ಬರ ನಡುವೆ ಒಬ್ಬ ಮಧ್ಯಸ್ಥ. ಸೇನಾಪತಿ ಮ್ಯೂಫ್ಲಿಂಗ್ ಇದನ್ನು ಆಟವೆನ್ನದೆ ಯುದ್ಧದ ಪಾಠಶಾಲೆಯೆಂದೇ ಮೆಚ್ಚಿದನಂತೆ. ಆಮೇಲೆ ಕೋಷ್ಟಕಗಳ ಕಾಟಕ್ಕೆ ಬೇಸತ್ತು, 1876ರಲ್ಲಿ ವೆರ್ದಿ ದು ವೆರ್ನ್ವಾ ಎಂಬವನು ಅವನ್ನೆಲ್ಲ ಬಿಸುಟು ಅನುಭವಿಯಾದ ಮಧ್ಯಸ್ಥನ ಮಾತೇ ನಿಯಮವೆಂದು ಸಾರಿದನು. ನಿಯಮ ಹೆಚ್ಚಬೇಕೇ, ತಗ್ಗಬೇಕೇ ಎಂಬ ಅಂದಿನ ಜಗಳ ಇಂದಿಗೂ ಮುಗಿದಿಲ್ಲ.

ಇದನ್ನು ಮನೆಯೊಳಕ್ಕೆ ತಂದವರಲ್ಲಿ ಹೆಸರಾದವನು ಕಾದಂಬರಿಕಾರ ಎಚ್. ಜಿ. ವೆಲ್ಸ್. ನೆಲದ ಮೇಲೆ ಬೊಂಬೆಗಳನ್ನು ನಿಲ್ಲಿಸಿ, ಸ್ಪ್ರಿಂಗಿನ ಪುಟ್ಟ ಫಿರಂಗಿಯಿಂದ ಮರದ ತುಂಡು ಹಾರಿಸಿ ಉರುಳಿಸುವುದು ಅವನ ಪದ್ಧತಿ. 1913ರಲ್ಲಿ 'ಲಿಟ್ಲ್ ವಾರ್ಸ್' ಎಂಬ ಪುಸ್ತಕವನ್ನೇ ಬರೆದನು. ಈ ಆಟವನ್ನು ನಾಲ್ಕು ಬಾರಿ ಆಡಿದವನಿಗೆ ನಿಜವಾದ ಯುದ್ಧದ ಮೌಢ್ಯ ತಾನಾಗಿ ಹೊಳೆಯುವುದೆಂದು ಅವನ ನಂಬಿಕೆ. ಮರುವರ್ಷವೇ ಮಹಾಯುದ್ಧ ಆರಂಭವಾಯಿತು.

ಇನ್ನು ಬೊಂಬೆಗಳ ವಿಚಾರ. ಹೊಸಬರು ಎಡವುವುದೇ ಇಲ್ಲಿ. ಅಂಗಡಿಯಲ್ಲಿ 28 ಮಿಲಿಮೀಟರ್ ಎತ್ತರದ ಒಬ್ಬ ಸಿಪಾಯಿಯನ್ನು ಕೈಗೆ ಕೊಟ್ಟರೆ ಯಾರಾದರೂ ಸೋಲುತ್ತಾರೆ. ಮೀಸೆಯುಂಟು, ಸೊಂಟಪಟ್ಟಿಯುಂಟು, ಮುಖದಲ್ಲಿ ಸಿಟ್ಟೂ ಉಂಟು. ನಾನೂ ಸೋತು ಕೆಲವನ್ನು ತರಿಸಿದೆ. ಒಬ್ಬನಿಗೆ ಬಣ್ಣ ಬಳಿಯುವುದರಲ್ಲಿ ಒಂದು ಭಾನುವಾರ ಮುಗಿಯಿತು. ಆಮೇಲೆ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಮೊದಲು ಹಾಕಬೇಕಾಗಿದ್ದ ಲೆಕ್ಕ. ಬೇಲಿಯ ಕಡೆ ಸುಮಾರು 3,800 ಜನ. ಇಪ್ಪತ್ತು ಜನರಿಗೆ ಒಂದು ಬೊಂಬೆಯೆಂದರೂ 190 ಬೊಂಬೆ. ಎರಡು ಸಾಲಾಗಿ, ಒಬ್ಬೊಬ್ಬನಿಗೆ ಎರಡು ಸೆಂಟಿಮೀಟರ್ ಜಾಗದಂತೆ ನಿಲ್ಲಿಸಿದರೆ ಸಾಲಿನ ಉದ್ದ 190 ಸೆಂಟಿಮೀಟರ್. ನಮ್ಮ ಮೇಜು ಆರಡಿ; ಎಂದರೆ 183 ಸೆಂಟಿಮೀಟರ್. ಬೇಲಿಯ ಸೈನ್ಯವೇ ಮೇಜಿನಿಂದ ಕೆಳಗೆ ಬೀಳುತ್ತಿರುವಾಗ ಹೈದರನನ್ನು ಅಡಿಗೆಮನೆಯಲ್ಲಿ ನಿಲ್ಲಿಸಬೇಕಾಗುತ್ತಿತ್ತು. ಅದಕ್ಕೆ ಅಡಿಗೆಮನೆಯ ಒಡತಿಯ ಒಪ್ಪಿಗೆ ಸಿಗುವಂತಿರಲಿಲ್ಲ.

ಆದುದರಿಂದ 6 ಮಿಲಿಮೀಟರ್ ಬೊಂಬೆಗಳ ಮೊರೆಹೊಕ್ಕೆವು. ಇವು ಅಕ್ಕಿಕಾಳಿಗೆ ಕೈಕಾಲು ಬಂದಂತಿರುವ ಲೋಹದ ತುಣುಕುಗಳು. ನಾಲ್ಕು ನಾಲ್ಕು ಜನ ಒಂದೇ ಪಟ್ಟಿಯಲ್ಲಿ ಎರಕವಾಗಿ ಬರುತ್ತಾರೆ. ಎರಡು ಸೆಂಟಿಮೀಟರ್ ಅಗಲದ ರಟ್ಟಿನ ಮೇಲೆ ಎರಡು ಪಟ್ಟಿ ಅಂಟಿಸಿದರೆ ಎಂಟು ಬೊಂಬೆ. ಅಂದರೆ 160 ಜನ. ಇಡೀ ಬೇಲಿಯ ಸೇನೆ 24 ರಟ್ಟುಗಳಲ್ಲಿ, 48 ಸೆಂಟಿಮೀಟರಿನೊಳಗೆ ಅಡಗಿತು. ಇವುಗಳಿಗೆ ಮುಖವಿಲ್ಲ, ನಿಜ. ಆದರೆ ದೂರದಿಂದ ಕಂಡಾಗ ಸೈನ್ಯವು ಸೈನ್ಯದಂತೆ ಕಾಣುತ್ತದೆ. ದೊಡ್ಡ ಬೊಂಬೆಗಳು ಎಷ್ಟೇ ಚೆಲುವಾಗಿರಲಿ, ಜಗಳಕ್ಕೆ ಸೇರಿದ ಇಪ್ಪತ್ತು ಜನರಂತೆ ಕಾಣುತ್ತವೆ. ನಡುವಿನ 15 ಮಿಲಿಮೀಟರಿನವುಗಳನ್ನು ಮೆಚ್ಚುವವರೂ ಬಹಳ. ಕಣ್ಣು ಮಂಜಾದವರಿಗೆ ಅವೇ ಲೇಸು. ಒಂದು ಎಚ್ಚರಿಕೆ: ಒಬ್ಬ ತಯಾರಕ ಅಂಗಾಲಿನಿಂದ ಕಣ್ಣಿನವರೆಗೆ ಅಳೆದರೆ ಮತ್ತೊಬ್ಬ ನೆತ್ತಿಯವರೆಗೆ ಅಳೆಯುತ್ತಾನೆ. ಇಬ್ಬರ ಸರಕನ್ನೂ ಬೆರೆಸಿದರೆ ಒಂದೇ ದಳದಲ್ಲಿ ಭೀಮನೂ ವಾಮನನೂ ಹೆಗಲೆಣೆಯಾಗಿ ನಿಲ್ಲುತ್ತಾರೆ.

ಈ ಪ್ರಶ್ನೆಯನ್ನು ದರಿಯಾ ದೌಲತ್ತಿನ ಚಿತ್ರಕಾರ ಎಂದೋ ಬಿಡಿಸಿಬಿಟ್ಟಿದ್ದನೆಂಬುದು ನನಗೆ ಆಮೇಲೆ ಹೊಳೆಯಿತು. ಅವನ ಸಿಪಾಯಿಗಳೆಲ್ಲ ಒಂದೇ ಅಚ್ಚು. ಸಾಲು ಸಾಲು ಒಂದೇ ಪಾರ್ಶ್ವಮುಖ. ಸ್ವಂತ ಮುಖವನ್ನು ಪಡೆದವರು ನಾಯಕರು ಮಾತ್ರ. ಆ ಮೇಸ್ತ್ರಿಗೆ ವಂದಿಸಿ, ಹೈದರ, ಟಿಪ್ಪು, ಬೇಲಿ ಮೂವರನ್ನು ಮಾತ್ರ 15 ಮಿಲಿಮೀಟರಿನ ಬೊಂಬೆಗಳಾಗಿ ಮಾಡಿಕೊಂಡೆವು.

ನಿಯಮಗಳ ಆಯ್ಕೆ ಇನ್ನೂ ತೊಡಕಿನದು. ಹನ್ನೆರಡು ರಟ್ಟುಗಳಲ್ಲಿ, ಎರಡಡಿ ಚೌಕದಲ್ಲಿ, ಒಂದು ಗಂಟೆಯೊಳಗೆ ಮುಗಿಯುವ ಸೊಗಸಾದ ಆಟವೊಂದಿದೆ. 1990ರಲ್ಲಿ ಹೊರಬಂದ 'ಡಿ. ಬಿ. ಎ.' ಆದರೆ ಅದು ಪ್ರಾಚೀನ ಮತ್ತು ಮಧ್ಯಯುಗಗಳಿಗೆ ಮೀಸಲು. ಬಂದೂಕಿನ ಸಾಲುಗಳಿಗೆ ಹೊಂದದು. ಕಾಲಕ್ಕೆ ತಕ್ಕ ನಿಯಮ ಬೇಕೆಂದು 2009ರಲ್ಲಿ ಪ್ರಕಟವಾದ 'ಬ್ಲ್ಯಾಕ್ ಪೌಡರ್' ಪುಸ್ತಕವನ್ನು ಹಿಡಿದೆವು. ಅದು ದೊಡ್ಡ ಬೊಂಬೆಗಳಿಗೆ, ದೊಡ್ಡ ಮೇಜಿಗೆ ಬರೆದದ್ದು. ಅಂಗುಲವೆಂದಿರುವಲ್ಲಿ ಸೆಂಟಿಮೀಟರ್ ಎಂದು ಓದಿಕೊಂಡರಾಯಿತು. ಬಂದೂಕಿನ ಹೊಡೆತ 18 ಸೆಂಟಿಮೀಟರ್. ಅದನ್ನು ನೂರು ಗಜವೆಂದು ಹಿಡಿದರೆ, ಈ ನೆಲದ ಮೇಲೆ ನಿಂತ 28 ಮಿಲಿಮೀಟರಿನ ಸಿಪಾಯಿ ಹದಿನಾಲ್ಕು ಮೀಟರಿನ ತೆಂಗಿನಮರವಾಗುತ್ತಾನೆ. 6 ಮಿಲಿಮೀಟರಿನವನು ಮೂರು ಮೀಟರಿಗೆ ನಿಲ್ಲುತ್ತಾನೆ.

ಆ ಪುಸ್ತಕದಲ್ಲಿ ನನ್ನನ್ನು ಗೆದ್ದುಕೊಂಡ ನಿಯಮ ಒಂದೇ. ಸೇನಾಪತಿ ತನ್ನ ಆಜ್ಞೆಯನ್ನು ಮೊದಲು ಬಾಯಿಬಿಟ್ಟು ಹೇಳಬೇಕು. ಆಮೇಲೆ ಎರಡು ದಾಳ ಹಾಕಬೇಕು. ಮೊತ್ತವು ಅವನ ಯೋಗ್ಯತೆಯ ಅಂಕವನ್ನು ಮೀರಿದರೆ ದಳ ಕದಲುವುದಿಲ್ಲ. ಪೊಲ್ಲಿಲೂರಿನ ಕಥೆಯೇ ಇದಲ್ಲವೆ? ಕೆಲವೇ ಮೈಲಿಗಳಾಚೆ ಕಾಂಚೀಪುರದಲ್ಲಿ ಹೆಕ್ಟರ್ ಮನ್ರೋ ಇದ್ದನು. ಸಕಾಲಕ್ಕೆ ಬಂದು ಕೂಡಲಿಲ್ಲ. ಬೇಲಿ ಸೆರೆಯಾಗಿ 1782ರಲ್ಲಿ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡನು. ಮದ್ದಿನ ಬಂಡಿಯ ವಿಷಯದಲ್ಲಿ ಮಾತ್ರ ಮಾವ-ಅಳಿಯಂದಿರಿಗೆ ಮೂರು ದಿನ ಮಾತು ನಿಂತಿತು. ಅದು ಸಿಡಿಯಲೇಬೇಕೆಂದು ಅವನು. ಸಿಡಿಯಲೇಬೇಕೆಂದರೆ ಆಟವೇಕೆ, ಪಠ್ಯಪುಸ್ತಕ ಸಾಲದೆ ಎಂದು ನಾನು. ಕೊನೆಗೆ ಪ್ರತಿ ಸರದಿಗೂ ಒಂದು ದಾಳ. ಆರು ಬಿದ್ದರೆ ಬಂಡಿ ಹಾರಿತು.

ಆಟದ ದಿನ ನನ್ನ ಸೋದರಮಾವ ಬಂದಿದ್ದರು. 1971ರ ಯುದ್ಧದಲ್ಲಿ ಪೂರ್ವದ ರಂಗದಲ್ಲಿದ್ದವರು. ಅದರ ಮಾತನ್ನು ಎಂದೂ ಆಡದವರು. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಬೇಲಿಯ ಒಂದು ದಳಕ್ಕೆ ಮೂರು ಪೆಟ್ಟು ಬಿದ್ದು, ಅದು ಮುರಿದು, ನಾಲ್ಕು ರಟ್ಟುಗಳನ್ನು ಎತ್ತಿ ಪೆಟ್ಟಿಗೆಯ ಮುಚ್ಚಳಕ್ಕೆ ಹಾಕಿದೆ.

"ಇದರಲ್ಲಿ ಸತ್ತವರೆಷ್ಟು ಜನ?" ಎಂದರು.

"ಆ ಲೆಕ್ಕ ಇಲ್ಲ ಮಾವ. ಹಳೆಯ ನಿಯಮಗಳಲ್ಲಿ ಒಂದೊಂದೇ ಬೊಂಬೆ ತೆಗೆಯುತ್ತಿದ್ದರು. ಇದರಲ್ಲಿ ದಳ ಕಂಗೆಟ್ಟಿತು, ಓಡಿತು, ಅಷ್ಟೆ. ಆಟ ಬೇಗ ಸಾಗುತ್ತದೆ."

"ಸಾಗುತ್ತದಪ್ಪ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನಮ್ಮಲ್ಲಿ ಮರುದಿನ ಬೆಳಿಗ್ಗೆ ಹೆಸರು ಕೂಗುತ್ತಿದ್ದರು," ಎಂದರು.

ನಾನು ದಾಳವನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ. ಅವರು ನನ್ನ ಅಳಿಯನಿಂದ ಪೆನ್ಸಿಲ್ ಕೇಳಿ ತೆಗೆದುಕೊಂಡರು. ರಟ್ಟಿಗೆಷ್ಟು ಜನವೆಂದು ವಿಚಾರಿಸಿ, ಮುಚ್ಚಳದ ಒಳಬದಿಯಲ್ಲಿ 640 ಎಂದು ಬರೆದರು. "ಅರ್ಧ ಜನ ಓಡಿಹೋದರೆಂದು ಇಟ್ಟುಕೊಳ್ಳೋಣ," ಎಂದು ಅದನ್ನು ಹೊಡೆದು 320 ಮಾಡಿದರು. "ಈಗ ಆಡಿ."

ಅಂದು ದಾಳ ಬೇಲಿಯ ಕಡೆಗಿತ್ತು. ಮನ್ರೋ ನಾಲ್ಕನೆಯ ಸರದಿಯಲ್ಲೇ ಬಂದು ಮುಟ್ಟಿದನು. ಬಂಡಿ ಸಿಡಿಯಲೇ ಇಲ್ಲ. ಹೈದರನ ಪಾತ್ರ ವಹಿಸಿದ್ದ ಅಳಿಯ ಕಣ್ಣಲ್ಲಿ ನೀರು ತಂದುಕೊಂಡನು. ಅನಂತರ ಎಷ್ಟೋ ಸಲ ಆಡಿದ್ದೇವೆ. ಆ ಮುಚ್ಚಳದಲ್ಲಿ ಈಗ ಬರೆಯಲು ಜಾಗವಿಲ್ಲ. ಹುಡುಗ ಕಳೆದ ವಾರ ತಾನೇ ಒಂದು ಕಾಗದ ಕತ್ತರಿಸಿ ಅದರ ಮೇಲೆ ಅಂಟಿಸಿದ್ದಾನೆ.